ಕಪ್ಪಾದ ಪರದೆ: ದೋಷನಿರ್ಣಯದ ಒಂದು ಪಾಠ

ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಭಾಗವಾದವು. ಗಡಿ ಬದಲಾಯಿತು, ಕನ್ನಡದ ಕಲಿಕೆ ನಿಲ್ಲಲಿಲ್ಲ. ಇಂದು ಈ ಭಾಗದ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಅಂಗಡಿಯಲ್ಲಿ ದೊರೆಯದ ಎಷ್ಟೋ ಗ್ರಂಥಗಳನ್ನು ಗಣಕಯಂತ್ರದ ಪರದೆಯ ಮೇಲೆ ಓದುತ್ತಾರೆ. ತಮ್ಮ ಪ್ರಬಂಧಗಳನ್ನೂ ಅಲ್ಲಿಯೇ ಸಿದ್ಧಪಡಿಸುತ್ತಾರೆ. ಆ ಪರದೆ ಹಠಾತ್ತನೆ ಕಪ್ಪಾದಾಗ, ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತೆಂದು ಒಡನೆಯೇ ತೀರ್ಮಾನಿಸುವುದುಂಟು. ಅದು ಪರೀಕ್ಷಿಸದೆ ಕೊಟ್ಟ ತೀರ್ಪು. ದೋಷ ಎಲ್ಲಿದೆ ಎಂಬುದನ್ನು ನಿರ್ಣಯಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಬರಹದ ರಕ್ಷಣೆ

ಪರದೆ ಕಪ್ಪಾದ ಮಾತ್ರಕ್ಕೆ ಗಣಕವು ನಿಂತಿದೆ ಎಂದಲ್ಲ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿರಿ. ಅದರ ದೀಪ ಹತ್ತಿ ಆರುತ್ತಿದ್ದರೆ ಗಣಕವು ಸಾಮಾನ್ಯವಾಗಿ ಕೆಲಸ ಮಾಡುತ್ತಿರುತ್ತದೆ. ಹೆಸರು ಕೊಟ್ಟು ಉಳಿಸಿದ್ದ ಕಡತವೊಂದರಲ್ಲಿ ಬರೆಯುತ್ತಿದ್ದಿರಾದರೆ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಬರಹ ಉಳಿಯುವ ಸಂಭವ ಹೆಚ್ಚು. ಗಾಬರಿಯಿಂದ ವಿದ್ಯುತ್ತನ್ನು ಕಡಿದರೆ ಉಳಿಸದ ಪುಟಗಳು ನಷ್ಟವಾಗುತ್ತವೆ. ಈಗಾಗಲೇ ಉಳಿಸಿದ ಕಡತಗಳಿರುವುದು ಹಾರ್ಡ್ ಡಿಸ್ಕ್‌ನಲ್ಲಿ. ವಿಡಿಯೊ ಪೋರ್ಟಿನ ದೋಷ ಅವುಗಳನ್ನು ಮುಟ್ಟುವುದಿಲ್ಲ.

ಪರೀಕ್ಷೆಯ ಕ್ರಮ

ಚಿತ್ರವು ಕಾರ್ಡಿನಿಂದ ಪೋರ್ಟಿಗೆ, ಅಲ್ಲಿಂದ ಕೇಬಲಿಗೆ, ಕೇಬಲಿನಿಂದ ಮಾನಿಟರಿಗೆ ಸಾಗುತ್ತದೆ. ಗ್ರಂಥಸಂಪಾದಕನು ಅಪಪಾಠವೊಂದನ್ನು ಕಂಡೊಡನೆ ಕವಿಯನ್ನು ದೂಷಿಸುವುದಿಲ್ಲ. ಪ್ರತಿಗಳನ್ನು ಹೋಲಿಸಿ, ತಪ್ಪು ಯಾವ ಹಂತದಲ್ಲಿ ಸೇರಿತೆಂದು ನೋಡುತ್ತಾನೆ. ಇಲ್ಲಿಯೂ ಅದೇ ವಿಧಾನ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಕೇಬಲ್ ಮತ್ತು ಪೋರ್ಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಚಿತ್ರ ಬರಬಹುದು, ಕಾರಣ ತಿಳಿಯದು.

1. ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂದು ಬಂದರೆ ಅದಕ್ಕೆ ವಿದ್ಯುತ್ತು ಇದೆ, ಸಂಕೇತ ತಲುಪಿಲ್ಲ ಎಂದರ್ಥ. ಕೇಬಲ್ ಜೋಡಿಸಿದ ಇನ್‌ಪುಟ್ಟನ್ನೇ ಮಾನಿಟರಿನಲ್ಲಿ ಆರಿಸಲಾಗಿದೆಯೇ ನೋಡಿರಿ.

2. ಕೇಬಲ್ ಕಾರ್ಡಿನ ಪೋರ್ಟಿನಲ್ಲಿಯೇ ಇದೆಯೇ? ಯುಎಸ್‌ಬಿ ಪೋರ್ಟುಗಳ ಗುಂಪಿನಲ್ಲಿರುವ ವಿಡಿಯೊ ಪೋರ್ಟ್ ಮದರ್‌ಬೋರ್ಡಿನದು. ಪ್ರತ್ಯೇಕ ಕಾರ್ಡ್ ಇರುವಾಗ ಅದರಿಂದ ಚಿತ್ರ ಬಾರದಿರುವುದುಂಟು.

3. ಕೇಬಲನ್ನು ಅದೇ ಕಾರ್ಡಿನ ಇನ್ನೊಂದು ಪೋರ್ಟಿಗೆ ಜೋಡಿಸಿರಿ. ಚಿತ್ರ ಬಂದರೆ ಮೊದಲ ಪೋರ್ಟನ್ನು ಶಂಕಿಸಬೇಕು. ಬಾರದಿದ್ದರೆ ಮೊದಲ ಪೋರ್ಟಿಗೆ ಹಿಂತಿರುಗಿ ಬೇರೆ ಕೇಬಲನ್ನೂ, ಅನಂತರ ಬೇರೆ ಮಾನಿಟರನ್ನೂ ಪರೀಕ್ಷಿಸಿರಿ.

4. ಆರಂಭದಲ್ಲಿ ತಯಾರಕರ ಗುರುತು ಕಾಣಿಸಿ, ವಿಂಡೋಸ್ ತೆರೆಯುವಾಗ ಪರದೆ ಕಪ್ಪಾದರೆ ಪೋರ್ಟಿನ ಮೇಲಿನ ಶಂಕೆ ಕಡಿಮೆ. ಡ್ರೈವರ್ ತಂತ್ರಾಂಶವನ್ನು ಪರಿಶೀಲಿಸಬೇಕು.

5. ಎಲ್ಲ ಪೋರ್ಟುಗಳೂ ಮೌನವಾಗಿದ್ದರೆ, ವಿದ್ಯುತ್ ತಂತಿಯನ್ನು ಕಳಚಿ, ಕಾರ್ಡನ್ನು ತೆಗೆದು, ಧೂಳೊರೆಸಿ ಮತ್ತೆ ಬಿಗಿಯಾಗಿ ಕೂರಿಸಬೇಕು. ಹತ್ತಿ ವ್ಯಾಪಾರಕ್ಕೆ ಹೆಸರಾದ ಆದೋನಿಯಂಥ ಊರಿನಲ್ಲಿ ಧೂಳು, ನವಿರೆಳೆಗಳು ಫ್ಯಾನಿನಲ್ಲಿ ಸೇರಿ ಕಾರ್ಡ್ ಕಾಯುವುದು ಸಹಜ. ಕೊನೆಯದಾಗಿ, ಕಾರ್ಡನ್ನು ಇನ್ನೊಂದು ಗಣಕದಲ್ಲಿ ಪರೀಕ್ಷಿಸಬೇಕು.

ಬಣ್ಣ ಹೇಳುವ ಸುಳಿವು

ಹಳೆಯ ವಿಜಿಎ ಪೋರ್ಟು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆ ಪಿನ್ನುಗಳ ಮೂಲಕ ಒಯ್ಯುತ್ತದೆ. ನೀಲಿಯ ಸಂಪರ್ಕ ತಪ್ಪಿದರೆ ಬಿಳಿಯ ಪುಟ ಹಳದಿಯಾಗಿ ಕಾಣುತ್ತದೆ. ಹಸಿರು ತಪ್ಪಿದರೆ ನೇರಳೆಗೆಂಪು, ಕೆಂಪು ತಪ್ಪಿದರೆ ಹಸಿರುನೀಲಿ. ಆಗ ಕೇಬಲಿನ ತುದಿಯಲ್ಲಿ ಬಾಗಿದ ಪಿನ್ನು ಇದೆಯೇ ನೋಡಬೇಕು. ಆದರೆ ಎಚ್ಚರಿಕೆ: 15 ಪಿನ್ನುಗಳ ಸ್ಥಾನವಿರುವ ಆ ತುದಿಯಲ್ಲಿ 9ನೆಯದು ಅನೇಕ ಕೇಬಲುಗಳಲ್ಲಿ ಇರುವುದೇ ಇಲ್ಲ. ಅದು ಮುರಿದದ್ದಲ್ಲ, ಹಾಗೆಯೇ ತಯಾರಾದದ್ದು. ಈ ಜಿಲ್ಲೆಯದೇ ಆದ ಎರ್ರಗುಡಿಯ ಅಶೋಕ ಶಾಸನದಲ್ಲಿ ಕೆಲವು ಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಬರಹದ ಆ ಕ್ರಮವನ್ನರಿಯದವನು ಅವನ್ನು ಅರ್ಥಹೀನವೆಂದು ಬದಿಗಿಟ್ಟಾನು. ರಚನೆಯನ್ನು ಅರಿಯದೆ ದೋಷವನ್ನು ಹೇಳಲಾಗದು.

ನಿರ್ಣಯದ ಫಲ

ಒಂದು ಪೋರ್ಟು ಮಾತ್ರ ಕೆಟ್ಟಿದ್ದರೆ ಕಾರ್ಡನ್ನು ಬದಲಿಸಬೇಕಾಗಿಲ್ಲ. ಉಳಿದ ಪೋರ್ಟನ್ನು ಬಳಸಿದರೆ ಸಾಕು. ಎಚ್‌ಡಿಎಂಐ ಪೋರ್ಟಿನಿಂದ ಹಳೆಯ ವಿಜಿಎ ಮಾನಿಟರಿಗೆ ಜೋಡಿಸುವಾಗ ಸಾದಾ ಕೇಬಲ್ ಸಾಲದು, ಸಂಕೇತವನ್ನು ಮಾರ್ಪಡಿಸುವ ಪರಿವರ್ತಕ ಬೇಕು. ಪೋರ್ಟಿನ ಬೆಸುಗೆ ಬಿಟ್ಟಿದ್ದರೆ ಆ ದುರಸ್ತಿಯನ್ನು ಬಲ್ಲ ತಂತ್ರಜ್ಞರಿಗೆ ಒಪ್ಪಿಸಬೇಕು. ಅವರ ಬಳಿಗೆ ಹೋಗುವಾಗ “ಕೆಟ್ಟಿದೆ” ಎನ್ನುವುದರ ಬದಲು, ಏನನ್ನು ಬದಲಿಸಿದಾಗ ಏನು ಕಂಡಿತು ಎಂಬುದನ್ನು ಬರೆದುಕೊಂಡು ಹೋಗಿರಿ. ಅನಗತ್ಯ ವೆಚ್ಚವನ್ನು ತಡೆಯಲು ಆ ಅರ್ಧ ಪುಟದ ಟಿಪ್ಪಣಿ ನೆರವಾಗುತ್ತದೆ.

ಅಭ್ಯಾಸ: ಕೇಬಲ್ ಬದಲಿಸಿದರೂ ಪರದೆ ಹಳದಿಯಾಗಿಯೇ ಉಳಿಯಿತು, ಮಾನಿಟರ್ ಬದಲಿಸಿದಾಗ ಸರಿಹೋಯಿತು. ದೋಷ ಎಲ್ಲಿದೆ? ಕಾರಣಸಹಿತ ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.