ಕಾನೂರು ಮನೆಯನ್ನು ಕೆಡಿಸಿದವನು ಸೇರೆಗಾರನೇ?

ಪ್ರಶ್ನೆ: ‘ಕಾನೂರು ಹೆಗ್ಗಡಿತಿ’ ಸಿನಿಮಾ ನೋಡಿದೆ. ಸೇರೆಗಾರ ರಂಗಪ್ಪಸೆಟ್ಟಿ ನಮ್ಮ ಕಡೆಯವನೇ? ಅಷ್ಟು ದೊಡ್ಡ ಮನೆ ಹಾಳಾದದ್ದು ಅವನಿಂದಲೇ?
— ಓದುಗರೊಬ್ಬರು, ತಲ್ಲೂರು

ಉತ್ತರ: ನಿಮ್ಮ ಊಹೆ ಸರಿ, ಅವನು ಘಟ್ಟದ ಕೆಳಗಿನವನು. ‘ಘಟ್ಟಕ್ಕೆ ಹೋಗುವುದು’ ಎಂದರೇನೆಂದು ಕುಂದಾಪುರ ಸೀಮೆಯ ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಡ ಕೊಟ್ಟು ಆಳುಗಳನ್ನು ಕೂಡಿಸಿ, ಮಲೆನಾಡಿನ ಗದ್ದೆ ತೋಟಗಳ ಕೆಲಸಕ್ಕೆ ಘಟ್ಟ ಹತ್ತಿಸುತ್ತಿದ್ದವನೇ ಸೇರೆಗಾರ. ಆಳುಗಳ ಹಾಜರಿ, ಕೂಲಿ, ಸಾಲ ಎಲ್ಲವೂ ಅವನ ಕೈಯಲ್ಲಿ. ಸಿನಿಮಾದ ಮೂಲ ಕಾದಂಬರಿಯನ್ನು ಬರೆದ, ಕುಪ್ಪಳಿಯ ದೊಡ್ಡಮನೆಯಲ್ಲಿ ಬೆಳೆದ ಕುವೆಂಪು ಅವರಿಗೆ ಈ ಲೋಕ ಚೆನ್ನಾಗಿ ಗೊತ್ತಿತ್ತು.

ಎರಡನೆಯ ಪ್ರಶ್ನೆಗೆ ಮಾತ್ರ ನನ್ನ ಉತ್ತರ ‘ಅಲ್ಲ’. ರಂಗಪ್ಪಸೆಟ್ಟಿ ಸಾಧುವಲ್ಲ, ನಿಜ. ಆದರೆ ಅವನು ಹೆಗ್ಗಡಿತಿ ಸುಬ್ಬಮ್ಮನಿಗೆ ಹತ್ತಿರವಾಗುವ ಹೊತ್ತಿಗೆ ಆ ಮನೆಯ ತೊಲೆಗಳಿಗೆ ಗೆದ್ದಲು ಹಿಡಿದಾಗಿತ್ತು. ಯಜಮಾನ ಚಂದ್ರಯ್ಯಗೌಡರು ಇಳಿವಯಸ್ಸಿನಲ್ಲಿ ನೆಲ್ಲುಹಳ್ಳಿಯ ಬಡಮನೆಯ ಹುಡುಗಿ ಸುಬ್ಬಮ್ಮನನ್ನು ಮೂರನೆಯ ಹೆಂಡತಿಯಾಗಿ ತಂದರು. ಓದಿಕೊಂಡ ಅಣ್ಣನ ಮಗ ಹೂವಯ್ಯನ ವಿಚಾರಗಳು ಅವರಿಗೆ ಹಿಡಿಸಲಿಲ್ಲ. ಜಗಳ ಬೆಳೆದು ಮನೆ ಪಾಲಾಯಿತು. ಗೌಡರು ತೀರಿಕೊಂಡ ಮೇಲೆ, ಅಷ್ಟು ದೊಡ್ಡ ಮನೆಯ ಭಾರ ಸುಬ್ಬಮ್ಮನ ತಲೆಗೆ ಬಂತು. ಆ ಒಂಟಿತನದಲ್ಲಿ ಅವಳು ಸೇರೆಗಾರನತ್ತ ವಾಲಿದಳು. ಗರ್ಭ ತೆಗೆಸಲು ಹೋಗಿ ಪ್ರಾಣ ಕಳೆದುಕೊಂಡಳು.

1936ರ ಈ ಕಾದಂಬರಿ ಹತ್ತಾರು ಮನೆ, ನೂರಾರು ಸಣ್ಣ ಸಂಗತಿಗಳ ಕಾಡು. 1999ರಲ್ಲಿ ಗಿರೀಶ ಕಾರ್ನಾಡರು ಅದನ್ನು ತೆರೆಗೆ ತಂದಾಗ ಬಹಳಷ್ಟನ್ನು ಬಿಡಲೇಬೇಕಾಯಿತು. ಚಂದ್ರಯ್ಯಗೌಡರಾಗಿ ಸ್ವತಃ ಕಾರ್ನಾಡರು, ಸುಬ್ಬಮ್ಮನಾಗಿ ತಾರಾ ನಟಿಸಿದ ಆ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಸುತ್ತಲಿನ ಕಾಡು ತೆಳುವಾದಾಗ ಸೇರೆಗಾರ ದೊಡ್ಡದಾಗಿ ಕಾಣುವುದು ಸಹಜ.

ಹಾಲಿವುಡ್ಡಿನಲ್ಲಿ ಆರ್ಸನ್ ವೆಲ್ಸ್ 1942ರಲ್ಲಿ ತೆಗೆದ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಕೂಡ ದೊಡ್ಡ ಮನೆಯೊಂದು ಬೀಳುವ ಕತೆ, ಅದೂ ಕಾದಂಬರಿಯಿಂದ ಬಂದದ್ದೇ. ಅಲ್ಲಿ ಮೋಟಾರು ಕಾರು ಬಂದು ಊರಿನ ಚಹರೆಯೇ ಬದಲಾಗುತ್ತದೆ, ಹಳೆಯ ಶ್ರೀಮಂತರು ಹಿಂದೆ ಬೀಳುತ್ತಾರೆ. ನಿಮ್ಮ ಸೀಮೆಯ ಎಷ್ಟೋ ಧಣಿಗಳ ಮನೆಗಳಿಗೂ ಹೊಡೆತ ಹೊರಗಿನಿಂದಲೇ ಬಂತು: 1974ರ ಭೂಸುಧಾರಣೆ, ಗೇಣಿ ಭೂಮಿಯ ಹಕ್ಕಿಗಾಗಿ ಒಕ್ಕಲುಗಳು ಕೊಟ್ಟ ಡಿಕ್ಲರೇಶನ್. ಕಾನೂರಿಗೆ ಅಂಥ ಯಾವ ಹೊಡೆತವೂ ಬೇಕಾಗಲಿಲ್ಲ, ಅದು ಒಳಗಿನಿಂದಲೇ ಕುಸಿಯಿತು.

ಸಾಧ್ಯವಾದರೆ ಕಾದಂಬರಿಯನ್ನೇ ಓದಿ. ಘಟ್ಟದ ಕೆಳಗಿನಿಂದ ಬಂದ ಗಂಗೆ ಎಂಬ ಹೆಣ್ಣಾಳು ಅದರಲ್ಲಿ ಸಿಗುತ್ತಾಳೆ. ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಹಿರಿಯರನ್ನು ಕೇಳಿ: ನಮ್ಮವರಲ್ಲಿ ಯಾರು ಘಟ್ಟಕ್ಕೆ ಹೋಗಿದ್ದರು, ಯಾರು ತಿರುಗಿ ಬಂದರು, ಯಾರು ಬರಲಿಲ್ಲ? ಗೌಡರ ಮನೆ ಬಿದ್ದ ಕತೆಯನ್ನು ಕುವೆಂಪು ಬರೆದಿಟ್ಟರು. ಗಂಗೆಯ ಹಾಗೆ ಘಟ್ಟ ಹತ್ತಿದವರ ಹೆಸರುಗಳು ಇನ್ನೂ ಆ ಹಿರಿಯರ ನೆನಪಿನಲ್ಲಷ್ಟೇ ಇವೆ. ಬರೆದಿಟ್ಟುಕೊಳ್ಳಿ.