ಪುಣೆಯಲ್ಲೊಂದು ಜಪಾನೀ ವಸಂತ

ನಮ್ಮ ಬಿಬವೇವಾಡಿಯಿಂದ ಹೊರಟು ಪರ್ವತಿ ಬೆಟ್ಟವನ್ನು ದಾಟಿ ಸಿಂಹಗಡ ರಸ್ತೆಗೆ ಬಂದರೆ ಪು. ಲ. ದೇಶಪಾಂಡೆ ಉದ್ಯಾನವು ದೊರೆಯುತ್ತದೆ. ಕೆಲಕಾಲ ಬೆಳಗಾವಿಯ ಕಾಲೇಜಿನಲ್ಲಿಯೂ ಅಧ್ಯಾಪಕರಾಗಿದ್ದ ಆ ಮರಾಠೀ ಸಾಹಿತಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಪುಣೆ-ಒಕಾಯಾಮಾ ಮೈತ್ರೀ ಉದ್ಯಾನವೆಂದೂ ಅದನ್ನು ಕರೆಯುವರು. ಯುಗಾದಿಯ ಮರುದಿನ ಏಳನೆಯ ತರಗತಿಯ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆನು.

ಜಪಾನಿನ ಒಕಾಯಾಮಾ ನಗರದಲ್ಲಿ ಕೊರಾಕುಯೆನ್ ಎಂಬ ಸುಪ್ರಸಿದ್ಧ ಉದ್ಯಾನವುಂಟು. ಆ ಪ್ರಾಂತದ ಒಡೆಯನಾದ ಇಕೇದಾ ತ್ಸುನಾಮಾಸಾ 1687ರಲ್ಲಿ ಆರಂಭಿಸಿದ ಈ ಕಾರ್ಯವು 1700ರಲ್ಲಿ ಮುಗಿಯಿತು. ಅದರ ಮಾದರಿಯಲ್ಲಿಯೇ 2006ರಲ್ಲಿ ಪುಣೆಯ ಉದ್ಯಾನವು ಸುಮಾರು ಹತ್ತು ಎಕರೆಯಲ್ಲಿ ರೂಪುಗೊಂಡಿತು. ಕಾಲುವೆಯ ನೀರು ಝರಿಯಾಗಿ ಹರಿದು, ಕಿರುಸೇತುವೆಗಳ ಕೆಳಗೆ ನುಸುಳಿ, ಬಣ್ಣದ ಮೀನುಗಳ ಕೊಳವನ್ನು ಸೇರುತ್ತದೆ. ಇಂಥ ಉದ್ಯಾನವನ್ನು ಕುಳಿತು ನೋಡಬಾರದು, ನಡೆದು ನೋಡಬೇಕು. ದಾರಿ ಬಳುಕಿದಂತೆಲ್ಲ ಒಂದೊಂದೇ ನೋಟ ತೆರೆದುಕೊಳ್ಳುವುದು. ನಮ್ಮ ಹುಡುಗರು ಓಡಿಯೇ ನೋಡಿದರೆಂಬುದು ಬೇರೆ ಮಾತು!

ಚೈತ್ರದ ಈ ದಿನಗಳಲ್ಲಿಯೇ ಒಕಾಯಾಮಾದಲ್ಲಿ ಸಕುರಾ ಮರಗಳು ಹೂ ಬಿಡುತ್ತವೆ. ಕೊರಾಕುಯೆನ್ನಿನ ಬಳಿ ಅಸಾಹಿ ನದಿಯ ದಂಡೆಯಲ್ಲಿ ತಿಂಡಿಯಂಗಡಿಗಳು ಸಾಲುಗೊಂಡು ಜಾತ್ರೆಯೇ ನೆರೆಯುತ್ತದೆ. ಮನೆಮಂದಿಯೆಲ್ಲ ಮರದಡಿಯಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚುವರು. ಈ ಪುಷ್ಪದರ್ಶನಕ್ಕೆ 'ಹನಾಮಿ' ಎಂದು ಹೆಸರು. ಆ ದೇಶದ ಶಾಲೆಗಳು ಆರಂಭವಾಗುವುದೂ ಏಪ್ರಿಲ್ ತಿಂಗಳಿನಲ್ಲಿಯೇ. ಆದುದರಿಂದ ಅಲ್ಲಿಯ ಮಕ್ಕಳಿಗೆ ಸಕುರಾ ಎಂದರೆ ಹೊಸ ತರಗತಿಯ ನೆನಪು. ಹೂವಿನ ಆಯುಷ್ಯವಾದರೋ ವಾರ-ಹತ್ತು ದಿನ. ನಡುವೆ ಮಳೆಗಾಳಿ ಬಂದರೆ ಅಷ್ಟೂ ಇಲ್ಲ.

"ಹಾಗಾದರೆ ಇಲ್ಲಿ ಸಕುರಾ ಎಲ್ಲಿದೆ, ಗುರುಗಳೇ?" ಎಂದು ಒಬ್ಬ ಬಾಲಕಿ ಕೇಳಿದಳು. ಆ ಮರದ ಮೊಗ್ಗು ಎಚ್ಚರಗೊಳ್ಳಬೇಕಾದರೆ ಚಳಿಗಾಲದ ದೀರ್ಘ ಶೈತ್ಯವು ಬೇಕು, ಪುಣೆಯ ಚಳಿ ಅದಕ್ಕೆ ಸಾಲದು ಎಂದೆನು. "ಹೂವಿಲ್ಲದ ಮೇಲೆ ಇದು ಬರಿಯ ನಕಲು, ಅಲ್ಲವೇ?" ಎಂದಳು. ಅವಳ ಮನೆಯವರು ಕಲಬುರಗಿಯ ಕಡೆಯಿಂದ ಇಲ್ಲಿಗೆ ಬಂದವರು. ನಾನೂ ಹಾಗೆಯೇ ಬಂದವನಾದುದರಿಂದ ಆ ಮಾತು ನನಗೆ ತುಸು ನಾಟಿತು.

ಆಗ ಹೇಳಬೇಕಾಗಿದ್ದುದು ಹಾದಿಯಲ್ಲಿ ಮರಳುವಾಗ ಹೊಳೆಯಿತು. 1945ರ ಜೂನ್ ತಿಂಗಳಿನ ಬಾಂಬ್ ದಾಳಿಯಲ್ಲಿ ಮೂಲ ಕೊರಾಕುಯೆನ್ ಸಹ ಹಾಳಾಗಿತ್ತು. ಹಳೆಯ ಚಿತ್ರಗಳನ್ನೂ ನಕ್ಷೆಗಳನ್ನೂ ಮುಂದಿರಿಸಿಕೊಂಡು ಒಕಾಯಾಮಾದ ಜನರು ಅದನ್ನು ಮೊದಲಿನಂತೆಯೇ ಕಟ್ಟಿದರು. ಇದನ್ನು ತಿಳಿಸಿದಾಗ ಬಾಲಕಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಿದ್ದರೆ ಎರಡನ್ನೂ ನೋಡಿಯೇ ಕಟ್ಟಿದ್ದು" ಎಂದಳು. ಶಾಲೆಯ ಬೀದಿಯಲ್ಲಿ ಬೇವಿನ ಹೂವು ಉದುರುತ್ತಿತ್ತು. ಅದರಡಿಯಲ್ಲಿಯೇ ಕುಳಿತು ನಾವು ಬುತ್ತಿಯನ್ನು ಬಿಚ್ಚಿದೆವು.