ಬೆಲ್ ಒತ್ತಿದರೂ ಸದ್ದಿಲ್ಲ

ನಮ್ಮ ಮನೆಯ ಬೆಲ್ ಇರುವುದು ನೆಂಟರಿಗಲ್ಲ, ದಾದಿಗೆ. ಮಂಡಿನೋವಿನಿಂದ ಅವರು ಒಬ್ಬರೇ ಏಳಲಾರರು. ರಾತ್ರಿ ಏನಾದರೂ ಬೇಕಾದರೆ ಒತ್ತಲಿ ಎಂದು ಅಬ್ಬಾ ಹೊಸಪೇಟೆಯಿಂದ ವೈರ್‌ಲೆಸ್ ಡೋರ್‌ಬೆಲ್ ತಂದಿದ್ದರು. ಗುಂಡಿ ದಾದಿಯ ದಿಂಬಿನ ಪಕ್ಕ, ಸದ್ದು ಮಾಡುವ ಪೆಟ್ಟಿಗೆ ನಮ್ಮ ಕೋಣೆಯ ಪ್ಲಗ್‌ನಲ್ಲಿ. ಕಳೆದ ತಿಂಗಳು ಒಂದು ರಾತ್ರಿ ದಾದಿ ಎಷ್ಟು ಒತ್ತಿದರೂ ನಮಗೆ ಕೇಳಿಸಲಿಲ್ಲ. ತಾವೇ ಏಳಲು ಹೋಗಿ ಬಿದ್ದರು. ಅಲ್ಲಾಹನ ದಯೆ, ಮೂಳೆ ಮುರಿಯಲಿಲ್ಲ. "ಹೋಗಲಿ ಬಿಡು ಬೇಟಿ, ಮಶೀನು ಅಲ್ವಾ" ಎಂದರು. ನನಗೆ ಬಿಡಲಾಗಲಿಲ್ಲ.

ಗುಂಡಿ ಒತ್ತಿದರೆ ಅದರ ಕೆಂಪು ದೀಪ ಹತ್ತುತ್ತಿತ್ತು. ಹಾಗಾಗಿ ಗುಂಡಿ ಸರಿಯಿದೆ, ಪೆಟ್ಟಿಗೆಯೇ ಕೆಟ್ಟಿದೆ ಎಂದುಕೊಂಡು ಅರ್ಧ ದಿನ ಹಾಳುಮಾಡಿದೆ. ಕೊನೆಗೆ ಗುಂಡಿಯನ್ನು ಪೆಟ್ಟಿಗೆಯ ಹತ್ತಿರವೇ ತಂದು ಒತ್ತಿದೆ. ಜೋರಾಗಿ ಬಾರಿಸಿತು! ಅಂದರೆ ಎರಡೂ ಕೆಟ್ಟಿಲ್ಲ. ಸಿಗ್ನಲ್ ಅಷ್ಟು ದೂರ ಮುಟ್ಟುತ್ತಿಲ್ಲ. ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು.

ಗುಂಡಿಯೊಳಗೆ ಕಿರುಬೆರಳಿಗಿಂತ ಸಣ್ಣದಾದ 23ಎ ಬ್ಯಾಟರಿ ಇತ್ತು. ಅದು 12 ವೋಲ್ಟ್‌ನದು; 1.5 ವೋಲ್ಟ್‌ನ ಎಂಟು ಪುಟ್ಟ ಸೆಲ್‌ಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿರುತ್ತಾರೆ. ಹೊರತೆಗೆದು ಮೀಟರ್ ಹಿಡಿದೆ: 11.2. ಚೆನ್ನಾಗಿಯೇ ಇದೆಯಲ್ಲ? ಮತ್ತೆ ಒಳಗೆ ಹಾಕಿ, ತಮ್ಮನಿಗೆ ಗುಂಡಿ ಒತ್ತಲು ಹೇಳಿ ಅಳೆದೆ: 6.8! ಇಂಟರ್ನಲ್ ರೆಸಿಸ್ಟೆನ್ಸ್ ಎಂದು ನೋಟ್ಸ್ ಬರೆದು, ಲೆಕ್ಕಗಳನ್ನೂ ಬಿಡಿಸಿದ್ದೆ. ಕಣ್ಣಾರೆ ಕಂಡದ್ದು ಅಂದೇ. ಬ್ಯಾಟರಿ ಹಳತಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ಕರೆಂಟ್ ಹರಿಯದಿದ್ದಾಗ ಅದು ಗೊತ್ತಾಗುವುದಿಲ್ಲ. ಹರಿದ ಕೂಡಲೇ ವೋಲ್ಟೇಜಿನ ಒಂದು ಪಾಲು ಬ್ಯಾಟರಿಯೊಳಗೇ ಖರ್ಚಾಗುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಅದು ಹತ್ತುತ್ತದೆ. ರೇಡಿಯೋ ಅಲೆ ಮಾತ್ರ ದುರ್ಬಲವಾಗುತ್ತದೆ.

ಹೊಸ ಬ್ಯಾಟರಿ ಹಾಕಿದರೂ ಹತ್ತು ಸಲ ಒತ್ತಿದರೆ ಏಳು ಸಲ ಮಾತ್ರ ಬಾರಿಸಿತು. ಗುಂಡಿಯ ಹಿಂದೆ 433.92 ಮೆಗಾಹರ್ಟ್ಸ್ ಎಂದಿತ್ತು. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗದೂರ ಸುಮಾರು 69 ಸೆಂಟಿಮೀಟರ್. ನಮ್ಮದು ಕಮಲಾಪುರದ ಹಳೆಯ ಮನೆ, ಮೊಳದಷ್ಟು ದಪ್ಪದ ಕಲ್ಲುಗೋಡೆ. ಅಲೆ ಅದನ್ನು ದಾಟುವಾಗಲೇ ಸೊರಗುತ್ತದೆ. (ಹಂಪಿ ಬಜಾರಿನ ಕಡೆ ದೊಡ್ಡ ಬಂಡೆಗಳ ಮರೆಯಲ್ಲಿ ಮೊಬೈಲ್ ಸಿಗ್ನಲ್ ಹೋಗುವುದು ನಿಮಗೂ ಗೊತ್ತು.) ಸಾಲದ್ದಕ್ಕೆ ಪೆಟ್ಟಿಗೆ ಇದ್ದದ್ದು ಅಮ್ಮಿಯ ಕಬ್ಬಿಣದ ಬೀರುವಿನ ಹಿಂದಿನ ಪ್ಲಗ್‌ನಲ್ಲಿ. ಲೋಹ ಅಲೆಯನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ಬಾಗಿಲಿಗೆ ಎದುರಾಗಿರುವ ಪ್ಲಗ್‌ಗೆ ಬದಲಾಯಿಸಿದೆ. ಹತ್ತಕ್ಕೆ ಹತ್ತು!

ಪೆಟ್ಟಿಗೆಯೊಳಗೆ 230 ವೋಲ್ಟ್ ಬರುತ್ತದೆ. ಅದನ್ನು ನಾನು ಬಿಚ್ಚಲಿಲ್ಲ, ನೀವೂ ಬಿಚ್ಚಬೇಡಿ.

ಈಗ ದಾದಿ ದಿನಾ ಮಲಗುವ ಮೊದಲು ಒಮ್ಮೆ ಒತ್ತಿ ನೋಡುತ್ತಾರೆ. ನಾನು "ಕೇಳಿಸ್ತು ದಾದಿ" ಎಂದು ಕೂಗುವವರೆಗೂ ಬಿಡುವುದಿಲ್ಲ.